ಚಕ್ರದಿಂದ ಎಂಜಿನ್‌ಗೆ: ಶೇಕಡಾ ಲೆಕ್ಕವನ್ನು ಹಿಂದಕ್ಕೆ ಮಾಡಿಸುವ ಪಾಠ

ಮೂಡಲಪಾಳ್ಯದ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸ ಮಾಡುವಾಗ, ಒಂಬತ್ತನೇ ತರಗತಿಯ ‘ಸಾಮರ್ಥ್ಯ’ ಎಂಬ ಕಲಿಕಾಂಶಕ್ಕೆ ನಾನು ಆರಿಸಿಕೊಂಡ ಉದಾಹರಣೆ ಬೈಕಿನ ಎಂಜಿನ್. ಮನೆ ಮುಂದೆಯೇ ಬೈಕ್ ನಿಂತಿರುವ ಬಡಾವಣೆಯ ಮಕ್ಕಳಿಗೆ ಕ್ಲಚ್, ಗೇರ್, ಚೈನ್ ಎಂಬ ಮಾತುಗಳನ್ನು ಪರಿಚಯಿಸಬೇಕಾಗಿಲ್ಲ. ನಾನು ಮುಂದಿಟ್ಟ ಪ್ರಶ್ನೆ ಇದು: ಹಿಂದಿನ ಚಕ್ರದಲ್ಲಿ ಅಳೆದ ಸಾಮರ್ಥ್ಯದಿಂದ ಎಂಜಿನ್ನಿನ ಸಾಮರ್ಥ್ಯವನ್ನು ಅಂದಾಜು ಮಾಡುವುದು ಹೇಗೆ? ವಿಜ್ಞಾನ, ಗಣಿತ ಎರಡಕ್ಕೂ ಈ ಪ್ರಶ್ನೆ ಒದಗುತ್ತದೆ.

ಮೊದಲು ಒಂದು ಪದವನ್ನು ಬಿಡಿಸಿಕೊಳ್ಳಬೇಕು. ‘ಅಶ್ವಶಕ್ತಿ’ಯಲ್ಲಿ ‘ಶಕ್ತಿ’ ಎಂಬ ಮಾತಿದ್ದರೂ ಅದು ಶಕ್ತಿಯ ಏಕಮಾನವಲ್ಲ. ಒಂದು ಸೆಕೆಂಡಿನಲ್ಲಿ ನಡೆಯುವ ಕೆಲಸದ, ಅಂದರೆ ಸಾಮರ್ಥ್ಯದ ಏಕಮಾನ. ಒಂದು ಅಶ್ವಶಕ್ತಿ ಸುಮಾರು 746 ವ್ಯಾಟ್. ಬೈಕಿನ ಕೈಪಿಡಿಗಳಲ್ಲಿ ಕಾಣುವ ‘ಪಿಎಸ್’ ಎಂಬ ಮೆಟ್ರಿಕ್ ಅಶ್ವಶಕ್ತಿ ಸುಮಾರು 735.5 ವ್ಯಾಟ್. ಗೊಂದಲ ಬೇಡವೆಂದು ನಾನು ತರಗತಿಯಲ್ಲಿ ಕಿಲೋವ್ಯಾಟ್‌ನಲ್ಲೇ ಲೆಕ್ಕ ಮಾಡಿಸಿದೆ.

ನಂತರ ಕಪ್ಪುಹಲಗೆಯ ಮೇಲೆ ದಾರಿಯನ್ನು ಬರೆದೆ: ಕ್ರ್ಯಾಂಕ್ ಶಾಫ್ಟ್ → ಕ್ಲಚ್ → ಗೇರ್‌ಬಾಕ್ಸ್ → ಚೈನ್ → ಚಕ್ರ. ಗೇರಿನ ಹಲ್ಲುಗಳ ಉಜ್ಜಾಟ, ಆಯಿಲ್ ಕಲಕುವುದು, ಬೇರಿಂಗ್, ಚೈನಿನ ಕೊಂಡಿಗಳು, ಟೈರ್ ಅದುಮಿ ಏಳುವುದು, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಶಾಖವಾಗಿ ಹೋಗುತ್ತದೆ. ಕಂಪನಿ ಕೊಡುವ ಅಂಕಿ ಸಾಮಾನ್ಯವಾಗಿ ಎಂಜಿನ್ನಿನದು. ಬೈಕನ್ನು ಉರುಳೆಯ ಮೇಲೆ ನಿಲ್ಲಿಸಿ ಓಡಿಸುವ ಡೈನಮೋಮೀಟರ್ ಅಳೆಯುವುದು ಚಕ್ರಕ್ಕೆ ತಲುಪಿದ್ದನ್ನು ಮಾತ್ರ.

ಈಗ ಲೆಕ್ಕ. ಎಂಜಿನ್ 100 ಕೊಟ್ಟು, ದಾರಿಯಲ್ಲಿ ಶೇ. 15 ನಷ್ಟವಾದರೆ ಚಕ್ರಕ್ಕೆ 85. ಇದನ್ನು ಎಲ್ಲರೂ ಹೇಳಿದರು. 100 ಅನ್ನು ಅಳಿಸಿ, ‘ಚಕ್ರದಲ್ಲಿ 85 ಇದೆ, ನಷ್ಟ ಶೇ. 15, ಎಂಜಿನ್ನಿನಲ್ಲಿ ಎಷ್ಟಿತ್ತು?’ ಎಂದು ಕೇಳಿದಾಗ ಹಲವರು 85ಕ್ಕೆ ಅದರ ಶೇ. 15 ಕೂಡಿಸಿ 97.75 ಎಂದು ಬರೆದರು. ನಾನು ತಪ್ಪೆಂದು ಹೇಳಲಿಲ್ಲ. ‘100 ಯಾಕೆ ವಾಪಸ್ ಬರಲಿಲ್ಲ?’ ಎಂದಷ್ಟೇ ಕೇಳಿದೆ. ‘ಆವಾಗ 15 ತೆಗೆದಿದ್ದು ನೂರರದ್ದು ಸಾರ್, ಈಗ ಸೇರಿಸಿದ್ದು ಎಂಬತ್ತೈದರದ್ದು’ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಪಾಠದ ತಿರುಳು ಅಷ್ಟೇ. ನಷ್ಟದ ಶೇಕಡಾ ಎಂಜಿನ್ನಿನದಾದ್ದರಿಂದ 85 ಅನ್ನು 0.85ರಿಂದ ಭಾಗಿಸಬೇಕು.

ಎರಡನೇ ಹಂತಕ್ಕೆ ಹೀರೊ ಸ್ಪ್ಲೆಂಡರ್ ಪ್ಲಸ್ ತೆಗೆದುಕೊಂಡೆ. ಕಂಪನಿಯ ಅಂಕಿ 8000 ಆರ್‌ಪಿಎಂನಲ್ಲಿ 5.9 ಕಿಲೋವ್ಯಾಟ್. ಚಕ್ರದಲ್ಲಿ 5.0 ಸಿಕ್ಕಿತೆಂದು ಊಹಿಸಿ, ನಷ್ಟವನ್ನು ಬದಲಿಸುತ್ತಾ ಮಕ್ಕಳಿಂದಲೇ ಲೆಕ್ಕ ಮಾಡಿಸಿದೆ. ಶೇ. 10 ಆದರೆ 5.56, ಶೇ. 15 ಆದರೆ 5.88, ಶೇ. 20 ಆದರೆ 6.25. ಅಳತೆ ಒಂದೇ, ಎಂಜಿನ್ ಮಾತ್ರ ಮೂರು ಬಗೆ! ಎಂಜಿನ್ ಟ್ಯೂನ್ ಮಾಡಿಸಿ ಹಣ ಕೊಡುವವನಿಗೆ ಇದು ಗೊತ್ತಿರಬೇಕು. ನಷ್ಟದ ಅಂಕಿಯನ್ನು ಹಿಗ್ಗಿಸಿದರೆ, ಒಂದು ಬೋಲ್ಟ್ ಮುಟ್ಟದೆಯೂ ಕಾಗದದ ಮೇಲೆ ಸಾಮರ್ಥ್ಯ ಏರುತ್ತದೆ. ಅದೇ ಯಂತ್ರದ ಮೇಲೆ, ಅದೇ ಗೇರಿನಲ್ಲಿ, ಕೆಲಸಕ್ಕೆ ಮೊದಲು ಮತ್ತು ಆಮೇಲೆ ಚಕ್ರದಲ್ಲಿ ಅಳೆದ ಅಂಕಿಗಳನ್ನು ಹೋಲಿಸುವುದೇ ನಂಬಬಹುದಾದ ದಾರಿ.

‘ಹಾಗಾದರೆ ನಷ್ಟವನ್ನೇ ಅಳೆಯಬಹುದಲ್ಲ?’ ಎಂಬ ಪ್ರಶ್ನೆಗೆ ಪ್ರಶಿಕ್ಷಣಾರ್ಥಿ ಸಿದ್ಧರಾಗಿರಬೇಕು. ಗರಿಷ್ಠ ವೇಗ ಮುಟ್ಟಿದ ಮೇಲೆ ಕ್ಲಚ್ ಹಿಡಿದು, ಉರುಳೆ ಎಷ್ಟು ಬೇಗ ನಿಧಾನವಾಗುತ್ತದೆ ಎಂದು ನೋಡಿ ನಷ್ಟವನ್ನು ಅಂದಾಜಿಸುವ ಕ್ರಮವಿದೆ. ಆದರೆ ಆಗ ಗೇರುಗಳ ಮೇಲೆ ಎಂಜಿನ್ನಿನ ಒತ್ತಡ ಇರುವುದಿಲ್ಲ. ಆದ್ದರಿಂದ ಒತ್ತಡದಿಂದಾಗುವ ನಷ್ಟ ಪೂರ್ತಿ ಸಿಗುವುದಿಲ್ಲ. ನಷ್ಟದ ಒಂದು ಭಾಗ ವೇಗವನ್ನು, ಇನ್ನೊಂದು ಭಾಗ ಒತ್ತಡವನ್ನು ಅನುಸರಿಸುವುದರಿಂದ, ಎಲ್ಲ ಬೈಕಿಗೂ ಎಲ್ಲ ವೇಗಕ್ಕೂ ಹೊಂದುವ ಒಂದೇ ಶೇಕಡಾ ಇಲ್ಲ. ಹಾಗಾಗಿ ಉತ್ತರವನ್ನು ‘ನಷ್ಟ ಶೇ. 15 ಎಂದು ಭಾವಿಸಿದರೆ ಸುಮಾರು 5.9 ಕಿಲೋವ್ಯಾಟ್’ ಎಂದು ಬರೆಯುವುದನ್ನು ರೂಢಿಸಬೇಕು. ಭಾವನೆಯನ್ನು ಬರೆಯದ ಉತ್ತರಕ್ಕೆ ನಾನು ಪೂರ್ಣ ಅಂಕ ಕೊಡಲಿಲ್ಲ.

ಇನ್ನೊಂದು ಸೂಚನೆ: ಈ ಅಳತೆಯನ್ನು ಮಕ್ಕಳು ರಸ್ತೆಯಲ್ಲಿ ಬೈಕ್ ಓಡಿಸಿ ಮಾಡುವಂತಿಲ್ಲ ಎಂದು ಪಾಠದಲ್ಲೇ ಸ್ಪಷ್ಟವಾಗಿ ಹೇಳಿ. ಅಂಕಿಗಳನ್ನು ಶಿಕ್ಷಕರೇ ಕೊಟ್ಟರೆ ಸಾಕು.

ಮೌಲ್ಯಮಾಪನಕ್ಕೆ ಬೈಕಿಲ್ಲದ ಪ್ರಶ್ನೆಯನ್ನು ಇಟ್ಟುಕೊಳ್ಳಿ. ಶೇ. 18 ಜಿಎಸ್‌ಟಿ ಸೇರಿ ಬಿಲ್ 118 ರೂಪಾಯಿ, ತೆರಿಗೆ ಎಷ್ಟು? 118ರ ಶೇ. 18 ತೆಗೆದವರು 21.24 ಎನ್ನುತ್ತಾರೆ, 1.18ರಿಂದ ಭಾಗಿಸಿ ಮೂಲಬೆಲೆ ಕಂಡುಕೊಂಡವರು 18 ಎನ್ನುತ್ತಾರೆ. ಯಾವುದರ ಶೇಕಡಾ ಎಂದು ಕೇಳಿಕೊಳ್ಳುವ ಅಭ್ಯಾಸ ಮಗುವಿಗೆ ಬಂದಿದೆಯೇ ಎಂಬುದು ಇದೊಂದರಲ್ಲೇ ತಿಳಿಯುತ್ತದೆ.