ಊರಿನ ಮಾತು ಮತ್ತು ಪೊಲೀಸ್ ತನಿಖೆ

ಊರಿನಲ್ಲೊಂದು ಅಸಹಜ ಸಾವು ಸಂಭವಿಸಿದರೆ ಅಥವಾ ಯಾರಾದರೂ ಕಾಣೆಯಾದರೆ, ಪೊಲೀಸರ ಮಹಜರು ಮುಗಿಯುವ ಮೊದಲೇ ಜನರ ತೀರ್ಪು ಹೊರಬಿದ್ದಿರುತ್ತದೆ. ಬಲಿಪೂಜೆ ಮುಗಿಸಿ ಚರ್ಚ್ ಅಂಗಳದಲ್ಲಿ ನಿಲ್ಲುವವರೂ ಇದಕ್ಕೆ ಹೊರತಲ್ಲ. ಯಾರು ಮಾಡಿದ್ದು, ಏಕೆ ಮಾಡಿದ್ದು, ಪೊಲೀಸರ ಬಾಯಿ ಮುಚ್ಚಿಸಿದವರು ಯಾರು ಎಂಬುದೆಲ್ಲ ಅಲ್ಲೇ ಇತ್ಯರ್ಥವಾಗುತ್ತದೆ. ಹಾಗಾದರೆ ಪೊಲೀಸರನ್ನು ಎಷ್ಟರ ಮಟ್ಟಿಗೆ ನಂಬಬೇಕು? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಸಯನೈಡ್ ಮೋಹನ್ ಪ್ರಕರಣವನ್ನೇ ನೋಡೋಣ.

2009ರ ಜೂನ್ ತಿಂಗಳಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಮನೆಯಿಂದ ಹೊರಟವಳು ಹಿಂದಿರುಗಲಿಲ್ಲ. ಆಕೆ ಮುಸ್ಲಿಂ ಯುವಕನೊಬ್ಬನ ಜೊತೆ ಓಡಿಹೋಗಿದ್ದಾಳೆಂಬ ಸುದ್ದಿ ಹಬ್ಬಿತು. ಪ್ರತಿಭಟನೆ ನಡೆಯಿತು, ಊರು ಬಿಸಿಯಾಯಿತು. ಆ ಸುದ್ದಿಗೆ ಯಾವ ಆಧಾರವೂ ಇರಲಿಲ್ಲ. ಪೊಲೀಸರು ಆಕೆಯ ಫೋನಿಗೆ ಬಂದ ಕರೆಗಳ ವಿವರ ತರಿಸಿದರು. ಆ ದಾರಿ ಕಾಣೆಯಾದ ಒಬ್ಬ ಹೆಣ್ಣುಮಗಳ ನಂಬರಿನಿಂದ ಇನ್ನೊಬ್ಬಳ ನಂಬರಿಗೆ ಕರೆದೊಯ್ಯಿತು. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದವನು ಹಿಂದೆ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದ ಮೋಹನ್ ಕುಮಾರ್. ಕಾಣೆಯಾದ ಯುವತಿ ಅಷ್ಟರೊಳಗೆ ಹಾಸನದ ಬಸ್ ನಿಲ್ದಾಣದಲ್ಲಿ ಸತ್ತು ನಾಲ್ಕು ತಿಂಗಳಾಗಿತ್ತು. ಊರವರು ಬೊಟ್ಟು ಮಾಡಿದ ಸಮುದಾಯಕ್ಕೂ ಈ ಕೊಲೆಗೂ ಸಂಬಂಧವೇ ಇರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಪೊಲೀಸರನ್ನು ಹೊಗಳಿದಂತಾಗುತ್ತದೆ. ಅದು ಅರ್ಧ ಸತ್ಯ ಮಾತ್ರ. ಮದುವೆಯ ಆಸೆ ತೋರಿಸಿ ಕರೆದೊಯ್ದು, ಗರ್ಭನಿರೋಧಕ ಮಾತ್ರೆಯೆಂದು ಹೇಳಿ ಸಯನೈಡ್ ಕೊಟ್ಟು, ಒಡವೆ ದೋಚುವ ಕೆಲಸವನ್ನು ಆತ ವರ್ಷಗಟ್ಟಲೆ ಮಾಡಿದ್ದ. ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರಿನ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಒಂದರ ಹಿಂದೊಂದು ಹೆಣ ಸಿಗುತ್ತಿತ್ತು. ಸಾವು ಒಂದೇ ರೀತಿಯದು. ಆದರೂ ಪ್ರತಿಯೊಂದೂ ಆಯಾ ಠಾಣೆಯಲ್ಲಿ ಅಸಹಜ ಸಾವೆಂದು ದಾಖಲಾಗಿ ಕಡತ ಸೇರಿತು. ಒಂದು ಊರಿನ ಕಡತವನ್ನು ಇನ್ನೊಂದು ಊರಿನದರ ಪಕ್ಕ ಇಟ್ಟು ನೋಡಿದವರಿರಲಿಲ್ಲ. ಕೊನೆಗೆ ಆತನ ಮೇಲೆ ಹೊರಿಸಲಾದ ಕೊಲೆಗಳ ಸಂಖ್ಯೆ 20. ಮಂಗಳೂರಿನ ನ್ಯಾಯಾಲಯ ಮೊದಲ ಶಿಕ್ಷೆ ವಿಧಿಸಿದ್ದು 2013ರ ಡಿಸೆಂಬರ್‌ನಲ್ಲಿ, ಇಪ್ಪತ್ತನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ.

ಇನ್ನೂ ನೋವಿನ ಸಂಗತಿಯೊಂದಿದೆ. ಹಲವು ಮನೆಯವರು ಮಗಳು ಕಾಣೆಯಾದ ಬಗ್ಗೆ ದೂರನ್ನೇ ಕೊಟ್ಟಿರಲಿಲ್ಲ. ಬಡ ಮನೆಗಳು, ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದ ಹೆಣ್ಣುಮಕ್ಕಳು. ಯಾರನ್ನೋ ಮದುವೆಯಾಗಿ ಎಲ್ಲೋ ಇದ್ದಾಳೆಂದು ನಂಬಿದರು, ಇಲ್ಲವೇ ಮರ್ಯಾದೆಗೆ ಅಂಜಿದರು. ನಾಲ್ಕು ಜನ ಏನೆಂದಾರು ಎಂಬ ಭಯ ಹುಟ್ಟಿಸಿದವರು ಆ ನಾಲ್ಕು ಜನರೇ ಅಲ್ಲವೇ? ನಮ್ಮ ಮಾತು ಕೊಲೆಗಾರನಿಗೆ ಹೀಗೂ ನೆರವಾಗುತ್ತದೆ.

ಮಾತಿನ ಪಾಪಗಳನ್ನು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಎಂಟನೇ ಕಟ್ಟಳೆಯ ವಿವರಣೆಯಲ್ಲಿ ಬೇರೆ ಬೇರೆಯಾಗಿ ಗುರುತಿಸುತ್ತದೆ. ಸುಳ್ಳು ಹೇಳಿ ಹೆಸರು ಕೆಡಿಸುವುದು ಒಂದು. ನಿಜವಾದ ದೋಷವನ್ನೇ ಕಾರಣವಿಲ್ಲದೆ ಇತರರಿಗೆ ಹೇಳುವುದು ಇನ್ನೊಂದು. ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ಮನಸ್ಸಿನಲ್ಲೇ ನಂಬಿಬಿಡುವುದೂ ದೋಷವೇ. ಪಾಪನಿವೇದನೆಯಲ್ಲಿ ಈ ಮೂರನೆಯದು ಕೇಳಿಬರುವುದು ಅಪರೂಪ.

ಹಾಗೆಂದು ಸುಮ್ಮನಿರುವುದೇ ಪುಣ್ಯವೆಂದು ತಿಳಿಯಬಾರದು. 1992ರ ಮಾರ್ಚ್ 27ರಂದು ಕೋಟ್ಟಯಂನ ಕಾನ್ವೆಂಟಿನ ಬಾವಿಯಲ್ಲಿ ಸಿಸ್ಟರ್ ಅಭಯಾ ಅವರ ಶವ ದೊರೆತಾಗ ಸ್ಥಳೀಯ ಪೊಲೀಸರೂ ಕ್ರೈಮ್ ಬ್ರಾಂಚ್‌ನವರೂ ಅದನ್ನು ಆತ್ಮಹತ್ಯೆಯೆಂದರು. ನಂತರ ಪ್ರಕರಣ ಸಿಬಿಐಗೆ ಹೋಯಿತು. 2020ರ ಡಿಸೆಂಬರ್‌ನಲ್ಲಿ ತಿರುವನಂತಪುರದ ಸಿಬಿಐ ನ್ಯಾಯಾಲಯ ಅದು ಕೊಲೆಯೆಂದು ತೀರ್ಮಾನಿಸಿ ಒಬ್ಬ ಗುರು ಮತ್ತು ಒಬ್ಬ ಧರ್ಮಭಗಿನಿಗೆ ಶಿಕ್ಷೆ ವಿಧಿಸಿತು. 2022ರ ಜೂನ್‌ನಲ್ಲಿ ಕೇರಳ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಅವರಿಗೆ ಜಾಮೀನು ನೀಡಿತು. ವಿಚಾರಣೆಯಲ್ಲಿ ನಿರ್ಣಾಯಕವಾದದ್ದು ಆ ರಾತ್ರಿ ಕಳ್ಳತನಕ್ಕೆಂದು ಅಲ್ಲಿಗೆ ಹೋಗಿದ್ದವನೊಬ್ಬನ ಸಾಕ್ಷ್ಯ. ಗೌರವಸ್ಥರು ಅನೇಕರಿದ್ದರು, ಕಂಡದ್ದನ್ನು ಕೊನೆಯವರೆಗೂ ಹೇಳಿದವನು ಕಳ್ಳ. ನಮ್ಮವರ ಮೇಲೆ ಆರೋಪ ಬಂದಾಗ ಅದೆಲ್ಲ ಪಿತೂರಿ ಎನ್ನುವುದೂ ಊಹೆಯೇ.

ತನಿಖೆಯಲ್ಲಿ ಜನರಿಗೂ ಪಾತ್ರವಿದೆ. ಅಸಹಜ ಸಾವು ಸಂಭವಿಸಿದಾಗ ಊರಿನ ಇಬ್ಬರಾದರೂ ಗೌರವಸ್ಥರ ಸಮ್ಮುಖದಲ್ಲಿ ಶವದ ಮೇಲಿನ ಗಾಯ, ಗುರುತುಗಳನ್ನು ಬರೆದುಕೊಳ್ಳಬೇಕೆಂದು ಕಾನೂನು ಹೇಳುತ್ತದೆ. ಕೋರ್ಟು ಅಲೆಯಬೇಕಾದೀತೆಂದು ನಮ್ಮವರು ಪಂಚರಾಗಲು ಹಿಂಜರಿಯುತ್ತಾರೆ, ಆಮೇಲೆ ಮಹಜರೇ ಸರಿಯಿಲ್ಲ ಎನ್ನುತ್ತಾರೆ. ಶಂಕಿತನ ಫೋಟೋವನ್ನು ಮೊಬೈಲಿನಲ್ಲಿ ಹರಡುವುದೂ ಅಪಾಯ. ಸಾಕ್ಷಿ ಅದನ್ನು ಮೊದಲೇ ನೋಡಿದ್ದರೆ ಗುರುತು ಪರೇಡಿಗೆ ಬೆಲೆ ಉಳಿಯುವುದಿಲ್ಲ, ನಿಜವಾದ ಅಪರಾಧಿಯೇ ತಪ್ಪಿಸಿಕೊಳ್ಳಬಹುದು. ಅತ್ಯಾಚಾರಕ್ಕೊಳಗಾದವರ ಗುರುತು ಬಹಿರಂಗಪಡಿಸುವುದಂತೂ ಎರಡು ವರ್ಷದವರೆಗೆ ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ.

ಪೊಲೀಸರು ದೂರು ತೆಗೆದುಕೊಳ್ಳದಿದ್ದರೆ? 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಅಪರಾಧ ಎಲ್ಲೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯವರು ನಿರಾಕರಿಸಿದರೆ ಜಿಲ್ಲಾ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳುಹಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಠಾಣೆಗೆ ಒಂಟಿಯಾಗಿ ಹೋಗಲು ಅಂಜುವ ಮನೆಯವರ ಜೊತೆ ವಾಳೆಯ ಗುರಿಕಾರರು ಹೋಗಲಿ. ಅರ್ಜಿ ಬರೆಯಲು ತಿಳಿಯದವರಿಗೆ ಬರೆದುಕೊಡಬಲ್ಲವರು ಎಲ್ಲ ಧರ್ಮಕೇಂದ್ರಗಳಲ್ಲೂ ಇದ್ದಾರೆ.