ತೇರಿನ ವಿಡಿಯೊ 6 ಜಿಬಿ ಆದದ್ದು ಹೇಗೆ?

ನಾಗಲಮಡಿಕೆ ಸುಬ್ರಹ್ಮಣ್ಯನ ತೇರು. ಫೋನಲ್ಲಿ ಒಂದು ನಿಮಿಷ ಹಿಡಿದಿರಿ ಅನ್ನಿ. ಫೈಲು 130 ಎಂಬಿ ಆಸುಪಾಸು. ಅದನ್ನೇ ಎಡಿಟಿಂಗ್ ಸಾಫ್ಟ್‌ವೇರಿನ ಅನ್‌ಕಂಪ್ರೆಸ್ಡ್ ಟೈಮ್‌ಲೈನಿಗೆ ಹಾಕಿ ರೆಂಡರ್ ಮಾಡಿ ನೋಡಿ, 6 ಜಿಬಿ ದಾಟುತ್ತೆ!

ಯಾಕಪ್ಪಾ ಅಂದ್ರೆ, ಫೋನು ಎಲ್ಲ ಫ್ರೇಮನ್ನೂ ಪೂರ್ತಿ ಬರೆದಿಡಲ್ಲ. ಒಂದು ಫ್ರೇಮು ಇಡಿಯಾಗಿ, ಮುಂದಿನವಕ್ಕೆ ಬದಲಾದದ್ದು ಮಾತ್ರ. ಗುಡಿ ಗೋಪುರ ಅಲ್ಲಾಡಲ್ಲ, ಅದನ್ನ ಮತ್ತೆ ಬರೆಯೋದ್ಯಾಕೆ? ತೇರು ಸರಿಯಿತು, ಯಾರೋ ಬಾಳೆಹಣ್ಣು ಎಸೆದರು, ಅಷ್ಟೇ ದಾಖಲು. 2003ರಲ್ಲಿ ಬಂದ ಎಚ್.264 ಅನ್ನೋ ಕಂಪ್ರೆಷನ್ ವಿಧಾನದ ಕಸುಬೇ ಇದು. ಆದರೆ ನೀವು ಕತ್ತರಿ ಹಾಕೋ ಜಾಗದಲ್ಲಿ ಪೂರ್ತಿ ಫ್ರೇಮೇ ಇರಲಿಕ್ಕಿಲ್ಲ. ಅಕ್ಕಪಕ್ಕದವನ್ನ ಹುಡುಕಿ ಕಟ್ಟಬೇಕು. ಲ್ಯಾಪ್‌ಟಾಪ್ ತಡವರಿಸೋದು ಅಲ್ಲೇ.

ಅನ್‌ಕಂಪ್ರೆಸ್ಡ್‌ಗೆ ಈ ಜಾಣತನ ಇಲ್ಲ. 1920 ಅಗಲ, 1080 ಎತ್ತರ, ಚುಕ್ಕಿಗೆ 2 ಬೈಟು, ಸೆಕೆಂಡಿಗೆ 25 ಫ್ರೇಮು. ಒಟ್ಟು ಸೆಕೆಂಡಿಗೆ ಸುಮಾರು 104 ಎಂಬಿ. ಹಳೇ ಹಾರ್ಡ್ ಡಿಸ್ಕು ಏದುಸಿರು ಬಿಡುತ್ತೆ.

ಹಂಗಾದ್ರೆ ಕ್ವಾಲಿಟಿ ಹೆಚ್ಚುತ್ತಾ? ಲೋಟದ ಮಜ್ಜಿಗೇನ ಕೊಪ್ಪರಿಗೆಗೆ ಸುರಿದರೆ ಮಜ್ಜಿಗೆ ಹೆಚ್ಚುತ್ತಾ? ಫೋನು ಬಿಸಾಕಿದ ಬಣ್ಣ ವಾಪಸ್ ಬರಲ್ಲ. ಲಾಭ ಅಂದ್ರೆ, ಬಣ್ಣ ತಿದ್ದಿ, ಟೈಟಲ್ ಹಾಕಿ, ಮತ್ತೆ ಮತ್ತೆ ರೆಂಡರ್ ಮಾಡಿದರೂ ಇದ್ದದ್ದು ಕೆಡಲ್ಲ.

ನನ್ನ ಕೇಳಿದ್ರೆ ಎಡಿಟಿಂಗಿಗೆ ಅನ್‌ಕಂಪ್ರೆಸ್ಡ್ ಬೇಡ, ಪ್ರೊರೆಸ್ 422 ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಅನ್ನೋ ಕೋಡೆಕ್ ಸಾಕು. ನಿಮಿಷಕ್ಕೆ 1 ಜಿಬಿ ಆಸುಪಾಸು, ಪ್ರತಿ ಫ್ರೇಮೂ ಸ್ವತಂತ್ರ.

ಫೋನಿನ ಮೂಲ ಫೈಲು ಮಾತ್ರ ಅಳಿಸಬೇಡಿ. ತೇರು ಮತ್ತೆ ಎಳೆಯೋದು ಬರೋ ವರ್ಷಾನೇ.