ಎಲೆ ಮಗುಚಿ ನೋಡಿದ ಪಾದ್ರಿ

1845. ಐರ್ಲೆಂಡಿನ ಆಲೂಗಡ್ಡೆ ಹೊಲಗಳು ಇದ್ದಕ್ಕಿದ್ದಂತೆ ಕಪ್ಪಾಗಿ ಕೊಳೆಯತೊಡಗಿದವು. ಆಲೂಗಡ್ಡೆಯನ್ನೇ ನಂಬಿದ್ದ ಬಡವರ ನಾಡದು. ಮುಂದಿನ ಕೆಲವೇ ವರ್ಷಗಳಲ್ಲಿ ಹಸಿವು, ಜ್ವರಗಳಿಗೆ ಸುಮಾರು 10 ಲಕ್ಷ ಜನ ಬಲಿಯಾದರು.

ಕಾರಣ ಏನು? ಅತಿಯಾದ ಮಳೆ, ಥಂಡಿ ಅಂದರು ಪಂಡಿತರು. ಎಲೆ ಮೇಲಿನ ಬೂಷ್ಟು? ಅದು ಕೊಳೆತ ಮೇಲೆ ಬಂದದ್ದು ಅಂದರು.

ಇಲ್ಲ, ಬೂಷ್ಟಿನಿಂದಲೇ ರೋಗ ಅಂದವರು ಇಂಗ್ಲೆಂಡಿನ ಒಬ್ಬ ಪಾದ್ರಿ, ಮೈಲ್ಸ್ ಜೋಸೆಫ್ ಬರ್ಕ್ಲಿ. ಸಾವಿರಾರು ಶಿಲೀಂಧ್ರಗಳಿಗೆ ಹೆಸರಿಟ್ಟವರು.

ರೋಗ ಬಂದ ಎಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಎಲೆಯಡಿಯ ಸಣ್ಣ ರಂಧ್ರಗಳಿಂದ ಬಿಳಿ ಎಳೆಗಳು ಕವಲೊಡೆದು ಹೊರಬಂದಿದ್ದವು. ತುದಿಯಲ್ಲಿ ನಿಂಬೆಹಣ್ಣಿನಾಕಾರದ ಬೀಜಕಣಗಳು! ಕಂಡದ್ದನ್ನೆಲ್ಲ ಚಿತ್ರ ಬರೆದು 1846ರಲ್ಲಿ ಪ್ರಕಟಿಸಿದರು.

ಹಲವರು ಒಪ್ಪಲಿಲ್ಲ. 1861ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ಪ್ರಯೋಗ ಮಾಡಿ ತೋರಿಸಿದಾಗ ಬರ್ಕ್ಲಿ ಮಾತು ನಿಜವಾಯಿತು. ಬೂಷ್ಟಾಗಿ ಕಾಣುವ ಈ ಜೀವಿ ನಿಜವಾದ ಶಿಲೀಂಧ್ರವಲ್ಲ, ಪಾಚಿಗಳ ದೂರದ ನೆಂಟ ಅನ್ನುತ್ತದೆ ಇಂದಿನ ವಿಜ್ಞಾನ. ಆದರೆ ರೋಗದ ಮೂಲ ಅದೇ.

ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಈ ರೋಗ ಗೊತ್ತಿರುವ ಶತ್ರು: ಅಂಗಮಾರಿ. ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದರೆ, ನೀವೂ ಎಲೆ ಮಗುಚಿ ನೋಡಿ. ಬಿಳಿ ಬೂಷ್ಟು ಕಂಡರೆ ಅವತ್ತೇ ತೋಟಗಾರಿಕೆ ಇಲಾಖೆಯವರನ್ನು ಕೇಳಿ. ರೋಗದ ಬೇರು ಗೊತ್ತಾದರೆ ತಾನೇ ಮದ್ದು!